ಹಚ್ಚಿಕೊಡಾಕಿ

ನವನಗರದಾಗ ಚಿಗರಿ ಬಸ್ ಇಳದು
ಏಳು ನಿಮಿಷ ನಡದ್ರ ಅವ್ವ ಇರೋ ಮನಿ.
ಮನಿ ಅಂತ ಬೋರ್ಡಿನ ಮ್ಯಾಲೆ ಬರದಾರ.
ಒಳಗ ಫಿನಾಯಿಲ್, ಕುದಸಿದ ಗಜ್ಜರಿ ವಾಸನಿ,
ಹನ್ನೊಂದು ಕಾಟು.
ದೂರೇನಲ್ಲ, ದುರ್ಗದಬೈಲಿನ ನನ್ನ ಸೈಕಲ್ ಅಂಗಡಿಯಿಂದ
ಎಂಟು ಕಿಲೋಮೀಟರ್.
ಇದನ್ನ ಎಲ್ಲಾರಿಗೂ ಮೊದಲ ಹೇಳಿಬಿಡ್ತೇನಿ,
ಅವರು ಕೇಳದಿದ್ರೂ.

ಸಪ್ಟೆಂಬರಿನಾಗ ಬಚ್ಚಲದಾಗ ಬಿದ್ಲು.
ಎತ್ತಾಕ ಹೋದ ನನ್ನ ಹೆಂಡತಿ ಸೊಂಟ ಹಿಡಕೊಂಡ್ತು.
ಇದನ್ನೂ ಹೇಳ್ತೇನಿ.

ಮೂವತ್ತೊಂದು ವರ್ಷ ಹುಬ್ಬಳ್ಳಿ ಎಕ್ಸ್‌ಚೇಂಜಿನಾಗ
ಕಿವಿಗೆ ಹೆಡ್‌ಸೆಟ್ ಸಿಗಿಸಿಕೊಂಡು ಕುಂತಾಕಿ, ಲೀದಿಯಾ ಮೇಡಂ.
ಹತ್ತಿ ದಲಾಲರ ಧ್ವನಿ ಗೊತ್ತು, ಮುಖ ಗೊತ್ತಿಲ್ಲ.
ಹೆಣದ ಸುದ್ದಿ, ಹೆರಿಗಿ ಸುದ್ದಿ, ಬ್ಯಾಡಗಿ ಮೆಣಸಿನಕಾಯಿ ರೇಟು,
ಎಲ್ಲಾ ಆಕಿ ಬೆರಳ ಸಂದ್ಯಾಗಿಂದ ಹಾದು ಹೋದ್ವು,
ಒಂದೂ ಮನಿಗೆ ತರಲಿಲ್ಲ.
ಒಮ್ಮೆ ಮಾತ್ರ ಹೇಳಿದ್ಲು, ನನಗ ಆಗ ಹತ್ತೋ ಹನ್ನೊಂದೋ:
ಆ ಕಡೆ ಎತ್ತೋರು ಇಲ್ಲ ಅಂತ ಗೊತ್ತಾದ್ರೂ
ಈ ಕಡ್ಯಾಂವ ಅಳಾಕ ಹತ್ತಿದ್ರ
ಯಾರೂ ಇಲ್ಲ ಅನಬಾರದು,
ಲೈನ್ ಬಿಜಿ ಐತ್ರಿ ಅನಬೇಕು.

ಈಗ ವಾಕರ್ ನೂಕಿಕೋತ ಬುಡನಸಾಬ ಬರ್ತಾನ,
'ಬಾಯಾರ, ಸವಣೂರ ಹಚ್ಚಿಕೊಡ್ರಿ.'
ಅವ್ವ ಚಾದರದ ಅಂಚಿನ ದಾರ ಹಿರಿದು
ಕಾಟಿನ ಸರಳಿಗೆ ಸಿಗಿಸ್ತಾಳ.
'ಮಾತಾಡ್ರಿ.'
ಮಾತಾಡ್ತಾನ. ಸತ್ತು ಎಷ್ಟೋ ವರ್ಷ ಆದ ತಮ್ಮಗ
ಎಮ್ಮಿ ಮಾರಬ್ಯಾಡೋ ಅಂತಾನ, ಬೈತಾನ,
ಮಳಿ ಆತೇನು ಅಂತ ಕೇಳಿ
ಉತ್ತರಕ್ಕ ಸುಮ್ಮನ ನಿಲ್ತಾನ.
ಮೂರು ನಿಮಿಷಕ್ಕ ಸರಿಯಾಗಿ ಅವ್ವ,
'ಟೈಮ್ ಆತ್ರಿ. ಮುಂದುವರಸ್ತೀರೇನು?'

ಕ್ರಿಸ್‌ಮಸ್ಸಿಗೆ ಚರ್ಚಿನ ಹುಡುಗರು ಬಂದು ಹಾಡಿದ್ರು.
'ಲೈನಿನಾಗ ಗದ್ದಲ ಬಾಳ ಐತಿ' ಅಂದ್ಲು.
ಜನವರಿಯಾಗ ರೊಟ್ಟಿ ಬಿಟ್ಲು,
ಆಮ್ಯಾಲ ಅನ್ನ,
ಆಮ್ಯಾಲ ನನ್ನ ಹೆಸರು.

ಒಂದು ಐತವಾರ ನನ್ನನ್ನೂ ಕೇಳಿದ್ಲು,
'ಯಾವ ನಂಬರ್ ಬೇಕ್ರಿ?'
ನಗಸೋಣು ಅಂತ ಅಂದೆ,
'ನಮ್ಮವ್ವ ಬೇಕಾಗ್ಯಾಳ್ರಿ.'
ದಾರ ಹಿಡಕೊಂಡು ಬಾಳ ಹೊತ್ತು ಹುಡುಕಿದ್ಲು,
ಒಂದು ಸರಳು, ಇನ್ನೊಂದು ಸರಳು, ಗಾದಿ ಅಂಚು,
ತನ್ನ ಮೊಳಕೈ.
ಆಮ್ಯಾಲ ನನ್ನ ಮಾರಿ ನೋಡಿ, ಮೆತ್ತಗ,
'ಲೈನ್ ಬಿಜಿ ಐತ್ರಿ. ಇಡಬ್ಯಾಡ್ರಿ.'

ಮಾರ್ಚ್ ಒಂಬತ್ತಕ್ಕ, ಬೆಳಕ ಹರಿಯೂಕಿಂತ ಮೊದಲ
ಫೋನ್ ಬಂತು. ರಾತ್ರಿ ಪಾಳಿಯ ಮೆಹಬೂಬಿ.
ನಾ ಎತ್ತೂದ್ರಾಗ ಎರಡು ಸಲ ಕಟ್ ಆಗಿತ್ತು.

ಲೆಕ್ಕ ಮುಗಸಾಕ ಹೋದಾಗ
ಇಪ್ಪತ್ತೆರಡು ದಿನದ ಊಟದ ರೊಕ್ಕ ವಾಪಸ್ ಕೊಟ್ರು.
ಚೀಟಿ ಬರದು ಸಹಿ ಮಾಡಿಸಿಕೊಂಡ್ರು.
ಚಷ್ಮಾ, ಸಣ್ಣ ಬೈಬಲ್, ಅರ್ಧ ಉಳಿದ ಪೌಡರ್ ಡಬ್ಬಿ
ಬಟ್ಟಿ ಅಂಗಡಿ ಚೀಲದಾಗ.
ಆ ಕಾಟಿಗೆ ಹೊಸಾ ಚಾದರ ಹಾಸಿದ್ರು. ಸರಳಿಗೆ ಕಟ್ಟಿದ ದಾರ
ಇನ್ನೂ ಬಿಚ್ಚಿರಲಿಲ್ಲ.
ಬಾಗಲದಾಗ ಬುಡನಸಾಬ ತೋಳು ಹಿಡದ,
'ಬಾಯಾರ ಮಗಾ ಅಲ್ಲೇನು ನೀ?
ಸವಣೂರ ಹಚ್ಚಿಕೊಡಪಾ.'
ಬಾಯಿಗೆ ಅದ ಬಂತು:
'ಲೈನ್ ಬಿಜಿ ಐತ್ರಿ, ಅಜ್ಜಾರ.'
ಹೂಂ ಅಂದು
ಕುರ್ಚಿ ಎಳಕೊಂಡು ಕುಂತ, ಕಾಯಾಕ.

ಬಸ್ಸಿನಾಗ ಕಿಡಕಿ ಸೀಟು ಸಿಕ್ತು.
ಉಣಕಲ್ ಕೆರಿ ದಾಟೂಮುಂದ ಚೀಲ ತೊಡಿ ಮ್ಯಾಲಿಂದ ಜಾರ್ತು,
ಪೌಡರ್ ವಾಸನಿ ಬಂತು.
ಆ ಐತವಾರ ನಾ ನಗಕೋತನ ಕೇಳಿದ್ದೆ.
ನಗಕೋತನ ಕೇಳಿದ್ದೆ ಅಂತ ನನ್ನ ನೆನಪು.

ಅಳಾಕ ಹತ್ತಿದ್ನೇನು?